ಎರಡು ಚಂದ್ರರ ಸೊಸೆ

ಬಸ್ಸಿನಲ್ಲಿ ಹಿಂದಿನಿಂದ ಯಾರಾದರೂ ಕೆಮ್ಮಿದರೆ ನಾನು ತಿರುಗಿ ನೋಡುತ್ತೇನೆ. ಈಗಿನ ಕಾಲಕ್ಕೆ ಇದು ಒಳ್ಳೆಯ ಅಭ್ಯಾಸವಲ್ಲ. ಆ ರೋಗದ ವರ್ಷಗಳು ಕಳೆದ ಮೇಲೆ ಕೆಮ್ಮಿದವರು ಕಳ್ಳರಂತೆಯೂ ತಿರುಗಿ ನೋಡಿದವರು ಪೊಲೀಸರಂತೆಯೂ ಕಾಣತೊಡಗಿದ್ದಾರೆ. ಮೊನ್ನೆ ಶಿಕಾರಿಪುರದಿಂದ ಆನವಟ್ಟಿಗೆ ಹೋಗುವಾಗ ಹೀಗೇ ತಿರುಗಿದ್ದಕ್ಕೆ, ಹಿಂದಿನ ಸೀಟಿನ ಹೆಂಗಸು ಸೆರಗನ್ನು ಬಾಯಿಗೊತ್ತಿಕೊಂಡು, “ಬರೇ ಧೂಳ್ರೀ, ಬ್ಯಾರೆ ಏನಿಲ್ಲ” ಎಂದು ಸಮಜಾಯಿಷಿ ಕೊಟ್ಟಳು. ನನಗೇ ನಾಚಿಕೆಯಾಯಿತು. ನಾನು ತಿರುಗಿದ್ದು ರೋಗದ ಭಯಕ್ಕಲ್ಲ, ನೀಲಕ್ಕ ಬಂದಳೇನೋ ಅಂತ. ಅದನ್ನು ಆಕೆಗೆ ಹೇಳುವುದು ಹೇಗೆ? ನಿಮಗಾದರೆ ಹೇಳಬಹುದು.

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಆಕೆ ಯಾವ ಕೋಣೆಗೂ ಕೆಮ್ಮದೆ ಕಾಲಿಟ್ಟವಳಲ್ಲ. ಬಾಗಿಲ ಆಚೆ ನಿಂತು ಎರಡು ಸಲ ಕೆಮ್ಮುವಳು, ತುಸು ತಡೆಯುವಳು, ಆಮೇಲೆ ಒಳಗೆ ಬರುವಳು. ಗಂಟಲಲ್ಲಿ ಏನೂ ಇಲ್ಲದವರ ಒಣ ಕೆಮ್ಮು ಅದು. ನಮ್ಮವ್ವ ಅದಕ್ಕೆ ಶುಂಠಿ ಕಷಾಯ ಮಾಡಿ ಕುಡಿಸಿದಳು, ಕರಿಮೆಣಸು ಜೇನುತುಪ್ಪ ನೆಕ್ಕಿಸಿದಳು. ಒಮ್ಮೆ ನಾನೇ ಶಿಕಾರಿಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆನ್ನಿನ ಮೇಲೆಲ್ಲ ಕೊಳವೆ ಇಟ್ಟು ಕೇಳಿ, ಎದೆ ಕಂಚಿನ ಗಂಟೆಯಂತಿದೆ ಎಂದರು. ಆದರೂ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಒಂದು ಕೆಂಪು ಸಿರಪ್ಪು ಬರೆದುಕೊಟ್ಟರು. ಅಕ್ಕ ಅದನ್ನು ಡಾಕ್ಟರ ಮರ್ಯಾದೆಗಾಗಿ ಕುಡಿದು ಮುಗಿಸಿದಳು. ಕೆಮ್ಮು ಇದ್ದಹಾಗೇ ಇತ್ತು. ಅದು ರೋಗವಲ್ಲ, ಮುಚ್ಚಳಿಕೆ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ‘ನಾನು ಬರ್ತಿದ್ದೀನಿ, ನಿಮ್ಮ ಮಾತು ನಿಲ್ಲಿಸಿಕೊಳ್ಳಿ, ನಾಳೆ ನಾನು ಕದ್ದು ಕೇಳಿದೆ ಅನ್ನಬೇಡಿ’ ಎಂದು ಅದರ ಅರ್ಥ. ಶಬ್ದ ಗಾಳಿಯಲ್ಲಿ ಹೇಗೆ ಚಲಿಸುತ್ತದೆ ಎಂದು ಕಾಲೇಜಿನಲ್ಲಿ ವರ್ಷವಿಡೀ ಪಾಠ ಹೇಳುವ ನನ್ನಂಥ ಮೇಷ್ಟರ ಕಿವಿಗೆ ಇಷ್ಟು ಹೊಳೆಯಲಿಲ್ಲ ನೋಡಿ.

ಅಕ್ಕ ಹುಟ್ಟಾ ಹೀಗಿದ್ದವಳಲ್ಲ. ನಮ್ಮದು ತಾಳಗುಂದದ ಪಕ್ಕದ ಹಳ್ಳಿ. ಶಾಸನ ನೋಡಲು ಬಂದವರಿಗೆ ದಾರಿ ತೋರಿಸುವುದೇ ಆಗ ನಮಗಿದ್ದ ದೊಡ್ಡ ಮನರಂಜನೆ. ಅಕ್ಕ ಎಮ್ಮೆ ಹೊಡೆದುಕೊಂಡು ಕೆರೆಗೆ ಹೋದಳೆಂದರೆ ಬರುವಾಗ ಊರಿನ ಅಷ್ಟೂ ಮನೆಗಳ ಸುದ್ದಿ ಹೊತ್ತು ತರುವಳು. ಬರೀ ಸುದ್ದಿಯಲ್ಲ, ಆಯಾ ಮನೆಯವರ ದನಿಯ ಸಮೇತ. ಗೌಡರ ಮನೆಯ ಅಜ್ಜಿ ಸೊಸೆಯನ್ನು ಬೈದದ್ದು, ಸೊಸೆ ಪಾತ್ರೆಗೆ ಬೈದದ್ದು, ಎರಡನ್ನೂ ಅವಳೇ ಆಡಿ ತೋರಿಸುವಳು. ಅವ್ವ ರೊಟ್ಟಿ ತಟ್ಟುವುದು ಬಿಟ್ಟು ನಗುವಳು. ಮೆಕ್ಕೆಜೋಳದ ಹೊಲದಲ್ಲಿ ನಾನು ಬೀಡಿ ಎಳೆದು ಕೆಮ್ಮಿದ್ದು ಅಪ್ಪನಿಗೆ ತಲುಪಿದ್ದು ಅವಳಿಂದಲೇ. “ಇವಳ ಬಾಯಾಗ ಅವರೆಕಾಳೂ ನೆನೆಯಂಗಿಲ್ಲ” ಎಂದು ಅಪ್ಪ ಹೇಳುತ್ತಿದ್ದ. ಇಂಥವಳನ್ನು ಮುಂದೆ ಗೂಢಚಾರಿಣಿ ಎಂದು ಎರಡು ಮನೆಯವರು ನಂಬಿದರು ಎಂದರೆ, ಜನರ ನಂಬಿಕೆಗೆ ಸಾಕ್ಷಿಯ ಅಗತ್ಯವೇ ಇಲ್ಲವೆಂದು ಕಾಣುತ್ತದೆ.

ಆದದ್ದು ಇಷ್ಟು. ನಮ್ಮಣ್ಣ ಬಸಣ್ಣನಿಗೆ ಸೊರಬದ ಕಡೆ ಒಂದು ಹಳ್ಳಿಯಲ್ಲಿ ಹೆಣ್ಣು ನೋಡಿದರು. ಶಾಂತಾ ಎಂದು ಅವಳ ಹೆಸರು. ಆ ಮನೆಯವರು ನಮ್ಮ ಹುಡುಗಿಯನ್ನು ಕೊಡುತ್ತೇವೆ, ನಿಮ್ಮ ಹುಡುಗಿಯನ್ನು ನಮ್ಮ ಹಿರಿಯ ಮಗನಿಗೆ ಕೊಡಿ ಎಂದರು. ಕೊಟ್ಟು ತರುವ ಸಂಬಂಧ. ಒಂದೇ ಚಪ್ಪರದಲ್ಲಿ ಎರಡು ಮದುವೆಯಾಯಿತು. ಅವರ ಕೋಳಿ ನಮ್ಮ ಬುಟ್ಟಿಯಲ್ಲಿ, ನಮ್ಮ ಕೋಳಿ ಅವರ ಬುಟ್ಟಿಯಲ್ಲಿ, ಇನ್ನು ಯಾರೂ ಯಾರ ಕೋಳಿಯ ಕುತ್ತಿಗೆಗೂ ಕೈ ಹಾಕುವಂತಿಲ್ಲ ಎಂದು ಹಿರಿಯರು ಎಲೆಯಡಿಕೆ ಹಾಕಿಕೊಂಡು ನಕ್ಕರು. ನಾನೂ ನಕ್ಕೆ. ಕೋಳಿಗಳ ಮುಖ ನೋಡಿದ ನೆನಪಿಲ್ಲ.

ಬೀಗತನ ಗಟ್ಟಿಯಾಗಲೆಂದು ಎರಡು ಮನೆಯವರೂ ಸೇರಿ ನಡುವಿನ ಆನವಟ್ಟಿಯಲ್ಲಿ ಒಂದು ಅಕ್ಕಿ ಗಿರಣಿ ಹಾಕಿದರು. ಕೆಲವು ವರ್ಷ ಅದು ಚೆನ್ನಾಗಿಯೇ ತಿರುಗಿತು. ಆಮೇಲೆ ಲೈಸೆನ್ಸು ಯಾರ ಹೆಸರಲ್ಲಿರಬೇಕೆಂದು ಶುರುವಾದದ್ದು ಕೋರ್ಟಿಗೆ ಹೋಯಿತು. ಅದೊಂದು ನಾಗರಪಂಚಮಿಗೆ ಅಕ್ಕ ಉಂಡಿ ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ಪಡಸಾಲೆಯಲ್ಲಿ ಅಪ್ಪ, ಅಣ್ಣ, ವಕೀಲರು ಕೂತು, ಸೋಮವಾರ ಗಿರಣಿಯ ಯಂತ್ರ ಅಲುಗಾಡಿಸದಂತೆ ಕೋರ್ಟಿನಿಂದ ತಡೆ ತರುವುದೆಂದು ಮಾತಾಡಿಕೊಂಡರು. ಭಾನುವಾರವೇ ಸೊರಬದವರು ಲಾರಿ ತಂದು ಯಂತ್ರ ಬಿಚ್ಚಿ ಒಯ್ದರು. ಮಾತು ಹೊರಗೆ ಹೋದದ್ದು ಹೇಗೆ? ಮನೆಯಲ್ಲಿ ಹೊರಗಿನವಳು ಎಂದರೆ ಅಕ್ಕ ಒಬ್ಬಳೇ. ಹುಟ್ಟಿದ ಮನೆಯಲ್ಲಿ ಅವಳು ಯಾವಾಗ ಹೊರಗಿನವಳಾದಳೆಂದು ಯಾರೂ ಕೇಳಲಿಲ್ಲ. ಮುಂದೆ ಸೊರಬದವರು ಗುಟ್ಟಾಗಿ ಸಿದ್ಧಪಡಿಸಿದ್ದ ಸಾಕ್ಷಿಯ ಹೆಸರು ನಮ್ಮ ವಕೀಲರಿಗೆ ಮೊದಲೇ ಗೊತ್ತಾಗಿತ್ತು. ಅಲ್ಲಿಯೂ ಹಾಗೇ. ಆ ಮನೆಯಲ್ಲಿ ಹೊರಗಿನವಳು ಎಂದರೆ ಅಕ್ಕ ಒಬ್ಬಳೇ.

ಅಂದಿನಿಂದ ಕೆಮ್ಮು ಶುರು. ಗಂಡಸರು ನಾಲ್ಕು ಮಾತು ಆಡತೊಡಗಿದರೆ ಅಕ್ಕ ಎದ್ದು ಹಿತ್ತಿಲಿಗೆ ಹೋಗುವಳು. ಊಟದ ನಡುವೆ ಕೂಡ. ಅವಳ ಮಾತಿನ ಧಾಟಿಯೂ ಅವಳನ್ನು ಹಿಡಿದುಕೊಟ್ಟಿತು. ನಮ್ಮಲ್ಲಿಗೆ ಬಂದಾಗ ಬಾಯಿತಪ್ಪಿ ‘ಐತೆ’ ಎಂದರೆ ನೋಡು ಸೊರಬದವಳು ಎನ್ನುವರು, ಅಲ್ಲಿ ‘ಐತಿ’ ಎಂದರೆ ತಾಳಗುಂದದ ಕಡೆಯವಳ ಬುದ್ಧಿ ಬಿಡಲಿಲ್ಲ ಎನ್ನುವರು. ಕೊನೆಗೆ ಎರಡೂ ಕಡೆ ತಲೆ ಆಡಿಸುವುದನ್ನೇ ರೂಢಿ ಮಾಡಿಕೊಂಡಳು. ಭಾವ, ಅಂದರೆ ಅವಳ ಗಂಡ, ಮೆತ್ತಗಿನ ಮನುಷ್ಯ. ಯಾರ ಪರವಾಗಿಯೂ ಒಂದು ಮಾತಾಡದೆ ತೀರಿಕೊಂಡರು. ಅವರ ನಂತರ ಆ ಮನೆಯ ಯಜಮಾನಿಕೆ ಅವರ ತಮ್ಮ ರುದ್ರಪ್ಪನಿಗೆ ಬಂತು.

ಇತ್ತ ನಮ್ಮ ಮನೆಗೆ ಬಂದ ಶಾಂತಾ ಅತ್ತಿಗೆಯ ಕತೆಯೇ ಬೇರೆ. ಆಕೆ ಎಲ್ಲವನ್ನೂ ಎಲ್ಲರಿಗೂ ಗಟ್ಟಿ ದನಿಯಲ್ಲಿ ಹೇಳುವವಳು. ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಮಾರಾಯ ಎಂದು ತಾನೇ ಹೇಳಿ ನಗುವವಳು. ಅವಳನ್ನು ಯಾರೂ ಯಾವತ್ತೂ ಅನುಮಾನಿಸಲಿಲ್ಲ. ನಮಗೆಲ್ಲ ಅವಳು ಇಷ್ಟ. ನನಗಂತೂ ಬಹಳ ಇಷ್ಟ. ನನ್ನ ಮೊದಲ ಕತೆ ಅಚ್ಚಾದಾಗ ಅದನ್ನು ಓದದೆಯೇ ಇಡೀ ಊರಿಗೆ ಚೆನ್ನಾಗಿದೆ ಎಂದು ಸಾರಿ ಬಂದವಳು ಅವಳೇ.

ಕತೆ ಎಂದೆನಲ್ಲ, ಅದಕ್ಕೆ ಬರುತ್ತೇನೆ. ನಾನು ಆಗೀಗ ಆಕಾಶನೌಕೆ, ಅನ್ಯಗ್ರಹ ಎಂದು ಪತ್ರಿಕೆಗಳಿಗೆ ಬರೆದುಕೊಂಡಿದ್ದವನು. ನನ್ನ ನೌಕೆಗಳು ಆನವಟ್ಟಿ ಬಸ್ಸಿನಂತೆ ಎಲ್ಲೆಂದರಲ್ಲಿ ನಿಲ್ಲುತ್ತವೆ, ನನ್ನ ಅನ್ಯಗ್ರಹದವರು ಎದುರಾದವರಿಗೆ ಮೊದಲು ಊಟವಾಯಿತಾ ಎಂದು ಕೇಳುತ್ತಾರೆ ಎಂದು ನನ್ನ ಮೇಲೆ ದೂರಿತ್ತು. ಅಂಥವನಿಗೆ ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯಿಂದ ಫೋನು ಬಂತು. ಅವರದು ಮೊಬೈಲಿನಲ್ಲಿ ನೋಡುವ ಧಾರಾವಾಹಿ, ಹೆಸರು ‘ಶನಿಯಾಚೆ’. ಅದು ಜನಪ್ರಿಯವಾಗಿತ್ತು. ಅದರ ಜೊತೆಜೊತೆಗೇ ಮಾರಲು ಸಣ್ಣ ಕಾದಂಬರಿಗಳು ಬೇಕಿದ್ದವು. ಧಾರಾವಾಹಿಯ ನಾಯಕ ಒಂದು ಬಾಗಿಲಿನಿಂದ ಹೋಗಿ ಇನ್ನೊಂದು ಬಾಗಿಲಿನಿಂದ ಬರುವ ನಡುವೆ ಏನೇನಾಯಿತು ಎಂದು ಬರೆಯುವ ಕೆಲಸ. ಅಲ್ಲಿಯ ಯಾರನ್ನೂ ನಾನು ಸಾಯಿಸುವಂತಿಲ್ಲ, ಯಾರಿಗೂ ಮದುವೆ ಮಾಡಿಸುವಂತಿಲ್ಲ. ಮದುವೆಮನೆಗೆ ಬಾಡಿಗೆಗೆ ತಂದ ಪಾತ್ರೆಗಳ ಹಾಗೆ ಅವರ ಪಾತ್ರಗಳನ್ನು ತೊಳೆದು, ಸೊಟ್ಟಗಾಗದಂತೆ ವಾಪಸು ಮಾಡಬೇಕು. ಶನಿಯ ಹೆಸರಿನ ಪುಸ್ತಕ ಬರೆದರೆ ಮನೆಗೆ ಏನು ಗತಿ ಎಂದು ಅಣ್ಣ ಮುಖ ಗಂಟಿಕ್ಕಿದ. ನಾನು ಗ್ರಹಗತಿಯನ್ನು ನಂಬದವನು. ಒಪ್ಪಿಕೊಂಡೆ.

ಬಾಡಿಗೆ ಪಾತ್ರೆಗಳ ನಡುವೆ ನನ್ನದೂ ಒಂದು ಚೊಂಬು ಇರಲಿ ಎನ್ನಿಸಿತು. ಕಂಪನಿಯವರು ಒಪ್ಪಿದರು. ಹಾಗೆ ಹುಟ್ಟಿದವಳು ಕೇತಕಿ. ಧಾರಾವಾಹಿಯಲ್ಲಿ ಇಲ್ಲದ, ನನ್ನ ಪುಸ್ತಕಗಳಲ್ಲಷ್ಟೇ ಓಡಾಡುವ ಗೂಢಚಾರಿಣಿ. ಗೂಢಚಾರಿಣಿಯಾದರೂ ಯಾವ ಕೋಣೆಗೆ ಹೋಗುವಾಗಲೂ ಗೋಡೆಯನ್ನು ಎರಡು ಸಲ ತಟ್ಟಿಯೇ ಹೋಗುವಳು. ಮೊದಲ ಪುಸ್ತಕದಲ್ಲಿ ಇದನ್ನು ಏಕೆ ಬರೆದೆನೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಓದುಗರು ಹಿಡಿದುಕೊಂಡರು. ಇವಳೇಕೆ ತಟ್ಟುತ್ತಾಳೆ, ಇವಳ ಹಿಂದಿನ ಕತೆಯೇನು ಎಂದು ಕೇಳಿ ಕೇಳಿ ಕಂಪನಿಯವರೇ ಕೇತಕಿಯ ಪೂರ್ವಕತೆಗೆಂದು ಒಂದು ಪುಸ್ತಕ ಬರೆಸಿದರು. ಅದೇ ‘ಎರಡು ಚಂದ್ರರ ಸೊಸೆ’.

ಅದರ ಕತೆ ನಿಮಗೆ ಈಗಾಗಲೇ ಗೊತ್ತು. ಶನಿಯ ಸುತ್ತ ಎರಡು ಚಂದ್ರಗಳು. ಎರಡರ ಜನ ಸೇರಿ ನಡೆಸುವ ಒಂದು ಮಂಜಿನ ಗಣಿ. ನಂಬಿಕೆಗೆಂದು ಎರಡು ಮನೆತನಗಳು ಹೆಣ್ಣು ಕೊಟ್ಟು ತರುತ್ತವೆ. ಹೊರಡುವ ಮುನ್ನ ಕೇತಕಿಯ ದವಡೆಯೊಳಗೆ ತವರಿನವರು ಸುದ್ದಿ ಕಳಿಸುವ ಒಂದು ಯಂತ್ರವನ್ನು ಕೂರಿಸುತ್ತಾರೆ. ಗಂಡನ ಮನೆಯವರು ಕಿವಿಯ ಹಿಂದೆ ಇನ್ನೊಂದನ್ನು ಕೂರಿಸುತ್ತಾರೆ. ಎರಡೂ ಕಡೆಯವರು ಅವಳು ತಮಗಾಗಿ ಮಾತಾಡಲಿ ಎಂದು ಕಾಯುತ್ತಾರೆ. ಅವಳು ಬದುಕಿಡೀ ಎರಡರಲ್ಲೂ ಒಂದು ಮಾತೂ ಕಳಿಸುವುದಿಲ್ಲ. ಗಣಿಯ ಜಗಳದಲ್ಲಿ ಗುಟ್ಟುಗಳು ಹೇಗೋ ಆಚೀಚೆಯಾಗುತ್ತವೆ, ಎರಡೂ ಚಂದ್ರದವರು ಅವಳನ್ನೇ ದೂರುತ್ತಾರೆ. ಪುಸ್ತಕದ ಕೊನೆಯಲ್ಲಿ ಎರಡೂ ಯಂತ್ರಗಳನ್ನು ತೆಗೆದು ನೋಡಿದರೆ ಒಂದೂ ಒಮ್ಮೆಯೂ ಬಳಕೆಯಾಗಿರುವುದಿಲ್ಲ.

ಪುಸ್ತಕ ಬಂದಾಗ ಅದನ್ನು ಅಕ್ಕನಿಗೆ ಓದಿ ಹೇಳಿದವಳು ಅವಳ ಸೊಸೆ ಸುಮಾ. ಅತ್ತೆಯ ಮೇಲೆ ಜೀವ ಇಟ್ಟುಕೊಂಡಿರುವ ಹುಡುಗಿ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ದಿನಕ್ಕಿಷ್ಟು ಎಂದು ಓದಿದಳಂತೆ. ಓದುತ್ತ ಓದುತ್ತ ಅವಳಿಗೆ ಕೇತಕಿ ಯಾರೆಂದು ತಿಳಿದುಹೋಗಿ, ಪುಸ್ತಕದ ಮುಖಪುಟದ ಪಕ್ಕ ಅಕ್ಕನ ಫೋಟೋ ಇಟ್ಟು, ‘ಕೇತಕಿ ನಮ್ಮತ್ತೆ’ ಎಂದು ವಾಟ್ಸಾಪಿನಲ್ಲಿ ಹಾಕಿದಳು. ಮನೆಯವರೆಲ್ಲ ನೋಡಿದರು. ನಾನು ಅಲ್ಲಿಗೆ ಹೋದಾಗ ಅಕ್ಕ ಆ ಪುಸ್ತಕಕ್ಕೆ ಶಾಲೆಯ ಮಕ್ಕಳಂತೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿಟ್ಟಿದ್ದಳು.

“ಆ ಹುಡುಗಿ ಏನೂ ಹೇಳಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾತೇನು?” ಎಂದು ಕೇಳಿದಳು.

ಓದಿದವರಿಗೆಲ್ಲ ಗೊತ್ತಾಗಿದೆ ಎಂದೆ. ಓದಿದವರು ಬಹಳ ಜನರೇ ಎಂದು ಕೇಳಿದಳು. ಬಹಳ ಜನ ಎಂದೆ. ಹಾಗಾದರೆ ಸಾಕು ಎಂದಳು. ಆ ಸಂಜೆ ನಮಗಿಬ್ಬರಿಗೂ ಗೌಡರ ಮನೆಯ ಅಜ್ಜಿಯ ದನಿಯಲ್ಲಿ ಒಂದು ಬೈಗುಳ ಆಡಿ ತೋರಿಸಿದಳು. ಸುಮಾ ಅದನ್ನು ಮೊದಲ ಸಲ ಕೇಳಿದ್ದು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ನನ್ನ ಬರವಣಿಗೆಯಿಂದ ಲೋಕಕ್ಕೆ ಏನಾದರೂ ಉಪಕಾರವಾಗಿದ್ದರೆ ಅದು ಆ ಒಂದು ಸಂಜೆ ಅಷ್ಟೇ.

ಆಮೇಲೆ ಧಾರಾವಾಹಿಯನ್ನು ನೋಡುವವರು ಕಡಿಮೆಯಾದರು. ಕಂಪನಿಯವರು ಅದನ್ನು ಮುಗಿಸಲು ನಿರ್ಧರಿಸಿ, ಪುಸ್ತಕಗಳಿಗೂ ಒಂದು ಕೊನೆ ಕೊಡುತ್ತೇವೆ ಎಂದರು. ಆ ಕೊನೆಯ ಪುಸ್ತಕವನ್ನು ನನಗೆ ಕೊಡಲಿಲ್ಲ. ಹೊಸ ತಲೆಮಾರಿನ ಇನ್ನೊಬ್ಬರಿಂದ ಬರೆಸಿದರು. ಅಚ್ಚಿಗೆ ಹೋಗುವ ಮುನ್ನ ಕಂಪನಿಯ ಸಂಪಾದಕಿ ಮೇಘನಾ ಎಂಬ ಹುಡುಗಿ ಸೌಜನ್ಯಕ್ಕೆಂದು ಫೋನು ಮಾಡಿ ಕತೆ ಹೇಳಿದಳು. ಕೇತಕಿ ಮೊದಲಿನಿಂದಲೂ ಎರಡೂ ಕಡೆಗೆ ಸುದ್ದಿ ಕಳಿಸುತ್ತಿದ್ದವಳೇ. ಅವಳಲ್ಲಿ ಯಾರಿಗೂ ಸಿಗದ ಮೂರನೆಯ ಯಂತ್ರವಿತ್ತು. ಎರಡು ಚಂದ್ರಗಳ ಯುದ್ಧಕ್ಕೆ ಅವಳೇ ಕಾರಣ. ಕೊನೆಯಲ್ಲಿ ಒಪ್ಪಿಕೊಂಡು ಸಾಯುತ್ತಾಳೆ.

ಅವಳು ಹಾಗೆ ಮಾಡುವವಳಲ್ಲ ಎಂದೆ ನಾನು. ಇದು ದೊಡ್ಡ ತಿರುವು ಸರ್, ಓದುಗರು ಬೆಚ್ಚಿಬೀಳುತ್ತಾರೆ ಎಂದಳು ಮೇಘನಾ. ಅವಳನ್ನು ಹುಟ್ಟಿಸಿದವನು ನಾನು, ಅವಳ ವಿಷಯ ನನಗೆ ಗೊತ್ತು ಎಂದೆ. ಕೇತಕಿ ಈಗ ಕಂಪನಿಯ ಪಾತ್ರ, ನೀವು ಸಹಿ ಹಾಕಿದ ಕರಾರಿನಲ್ಲೇ ಇದೆ ಎಂದು ಅವಳು ಮೆಲ್ಲಗೆ ನೆನಪಿಸಿದಳು. ಕೆಟ್ಟ ಹುಡುಗಿಯಲ್ಲ. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ಹಾಗಾದರೆ ನನ್ನ ಹೆಸರು ತೆಗೆದುಬಿಡಿ ಎಂದು ಕೇಳಿಕೊಂಡೆ. ಓದುಗರಿಗೆ ಪರಿಚಯವಿರುವ ಹೆಸರು ಸರ್, ಮುಖಪುಟದ ಮೇಲೆ ಅದು ಇರಲೇಬೇಕು ಎಂದಳು. ಬರೆದವರ ಹೆಸರು ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ. ನನ್ನದು ದಪ್ಪ ಅಕ್ಷರದಲ್ಲಿ ಬಂತು.

ಪುಸ್ತಕ ಚೆನ್ನಾಗಿ ಮಾರಾಟವಾಯಿತು. ನನ್ನ ಕಾಲೇಜಿನ ಸಹೋದ್ಯೋಗಿಗಳು ಕೈ ಕುಲುಕಿ, ಸಾರ್, ನಮಗೆ ಸುಳಿವೇ ಕೊಡಲಿಲ್ಲವಲ್ಲ ಎಂದರು. ನಾನು ಬರೆದದ್ದಲ್ಲ ಎಂದು ಹೇಳಿದರೆ ವಿನಯ ಎಂದುಕೊಂಡರು.

ಒಂದು ದಿನ ಸುಮಾ ಫೋನು ಮಾಡಿ ಅಳತೊಡಗಿದಳು. ಪುಸ್ತಕ ತರಿಸಿದವಳು ಅವಳೇ. ಕೊನೆ ಗೊತ್ತಿಲ್ಲದೆ ಎಂದಿನಂತೆ ಅಕ್ಕನಿಗೆ ಗಟ್ಟಿಯಾಗಿ ಓದುತ್ತ ಹೋಗಿದ್ದಳು. ನಡುವೆ ನಿಲ್ಲಿಸಿದಾಗ ಅಕ್ಕ, ಮುಂದೆ ಓದು ಎಂದಳಂತೆ. ಪೂರ್ತಿ ಓದಿಸಿಕೊಂಡಳಂತೆ. ಅಷ್ಟರಲ್ಲಿ ಮನೆಗೆಲ್ಲ ಸುದ್ದಿಯಾಗಿತ್ತು. ಕೇತಕಿ ಯಾರು ಎಂದು ಹಿಂದೆಯೇ ಎಲ್ಲರಿಗೂ ತಿಳಿದಿತ್ತಲ್ಲ. ರುದ್ರಪ್ಪ ಊಟಕ್ಕೆ ಕೂತವನು ಹೇಳಿದ್ದನ್ನು ಸುಮಾ ಬಿಕ್ಕುತ್ತಲೇ ನನಗೆ ಒಪ್ಪಿಸಿದಳು: “ಸ್ವಂತ ತಮ್ಮನೇ ಬರೆದು ಅಚ್ಚು ಹಾಕಿಸಿದ್ಮೇಲೆ ಇನ್ಯಾರ ಸಾಕ್ಷಿ ಬೇಕು?”

ನಾನು ಮೊದಲು ಅಣ್ಣನ ಹತ್ತಿರ ಹೋದೆ. ಅವನಿಗೂ ಯಾರೋ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಕರಾರು, ಕಂಪನಿ, ಇನ್ನೊಬ್ಬ ಲೇಖಕ ಎಂದು ನಾನು ಬಿಡಿಸಿ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, “ಹೆಸರು ನಿಂದು ಐತಿ. ಬ್ಯಾರೆಯವರು ಬರದ್ರು ಅಂತಿ. ಅಕ್ಕನ ಮ್ಯಾಲಿನ ಪ್ರೀತಿಗೆ ಹಿಂಗ ಹೇಳಾಕ ಬಂದೀಯಪ್ಪ, ನನಗ ತಿಳಿತೈತಿ” ಎಂದ. ಬೈದಿದ್ದರೆ ಜಗಳವಾಡಬಹುದಿತ್ತು. ಅವನು ನನ್ನ ಬೆನ್ನು ತಟ್ಟಿದ.

ಅಕ್ಕನನ್ನು ಕಂಡದ್ದು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ. ಮನೆಯಲ್ಲಿ ಬೇಡ, ಪೇಟೆಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದಳು. ನನ್ನ ಕಾದಂಬರಿಗಳಲ್ಲಿ ಗೂಢಚಾರರು ಸಂಧಿಸುವುದೂ ಇಂಥ ನಿಲ್ದಾಣಗಳಲ್ಲೇ, ಅಲ್ಲಿ ಮಾತ್ರ ಶೇಂಗಾ ಮಾರುವವರು ಇರುವುದಿಲ್ಲ. ಬಿಸಿಲಿನ ಹೊತ್ತು. ಅಡಿಕೆ ವ್ಯಾಪಾರಕ್ಕೆ ಬಂದವರು ಬೆಂಚಿನ ಮೇಲೆ ಕಾಲು ಚಾಚಿದ್ದರು. ಅಲ್ಲಿ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಅಕ್ಕ ನೇರವಾಗಿ ಬಂದು ಪಕ್ಕದಲ್ಲಿ ಕೂತಳು.

“ಅದನ್ನ ಬರದೋರು ಯಾರು?” ಎಂದು ಕೇಳಿದಳು.

“ಬ್ಯಾರೆಯವರು ಅಕ್ಕ. ಹೆಸರು ಅಷ್ಟೇ ನಂದು.”

“ಅವಳು ಸುದ್ದಿ ಹೇಳಿದ್ಲು ಅಂತ ಅವರಿಗೆ ಹ್ಯಾಂಗ ಗೊತ್ತು?”

ಅವರಿಗೆ ಏನೂ ಗೊತ್ತಿಲ್ಲ, ಹಾಗಿದ್ದರೆ ಓದಲು ಚೆನ್ನ ಎಂದು ಕಂಪನಿಯವರು ತೀರ್ಮಾನಿಸಿದರು ಎಂದೆ. ಅವಳು ಅಂಥವಳಲ್ಲ ಎಂದು ನೀನು ಹೇಳಲಿಲ್ಲವೇ ಎಂದು ಕೇಳಿದಳು. ಹೇಳಿದೆ ಎಂದೆ.

“ನಂಬಲಿಲ್ಲ” ಎಂದಳು ಅಕ್ಕ. ಅದು ಪ್ರಶ್ನೆಯಾಗಿರಲಿಲ್ಲ.

ಮುಂದಿನ ಪುಸ್ತಕದಲ್ಲಿ ಸರಿಪಡಿಸಲು ಬರುತ್ತದೆಯೇ ಎಂದು ವಿಚಾರಿಸಿದಳು. ಮುಂದಿನ ಪುಸ್ತಕವೇ ಇಲ್ಲ ಎಂದು ಹೇಳಬೇಕಾಯಿತು. ಬಸ್ಸೊಂದು ಬಂದು ಜನರನ್ನು ಇಳಿಸಿ ಹೋಯಿತು. ಧೂಳು ಕೂತಿತು. ಆಮೇಲೆ, ನಾನು ಇಷ್ಟು ವರ್ಷ ಕೇಳದ, ಕೇಳಲು ಹೆದರಿದ್ದ ಮಾತನ್ನು ತಾನಾಗಿ ಹೇಳಿದಳು. ಅಂದು ಪಂಚಮಿಯ ಮಾರನೆಯ ದಿನ ಅವಳೂ ಶಾಂತಾ ಅತ್ತಿಗೆಯೂ ಉಂಡಿ ಡಬ್ಬಿ ಹಿಡಿದು ಆನವಟ್ಟಿಗೆ ಹೋಗಿದ್ದರು. ಅತ್ತಿಗೆಯ ತಮ್ಮ ರುದ್ರಪ್ಪ ಅಲ್ಲಿಗೆ ಬಂದಿದ್ದ. ಉಂಡಿ ಕೊಡುತ್ತ ಅತ್ತಿಗೆ ನಗುನಗುತ್ತಲೇ ಪಡಸಾಲೆಯ ಮಾತನ್ನೆಲ್ಲ ಅವನಿಗೆ ಹೇಳಿದಳು. ಅದು ಗುಟ್ಟು ಎಂದೇ ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ತವರಿಗೆ ಹೋದಾಗ ಅಲ್ಲಿ ಕೇಳಿದ ಸಾಕ್ಷಿಯ ಹೆಸರನ್ನು ಅಷ್ಟೇ ಸಲೀಸಾಗಿ ನಮ್ಮ ಮನೆಯಲ್ಲಿ ಬಿಟ್ಟವಳೂ ಅವಳೇ.

ಅತ್ತಿಗೆ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು.

ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ಅಣ್ಣ ಅವಳನ್ನ ತವರಿಗೆ ಕಳಿಸ್ತಿದ್ದ. ಅವಳನ್ನ ಕಳಿಸಿದ್ರ ಇವರು ನನ್ನ ಕಳಿಸ್ತಿದ್ರು. ಇಬ್ಬರ ಬಾಳೂ ಹೋಗೋದು ಬ್ಯಾಡ ಅಂತ ಸುಮ್ನಿದ್ದೆ” ಎಂದಳು. ಆಮೇಲೆ ತನ್ನ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: “ಹೇಳಬೇಕಾಗಿತ್ತು ಕಣೋ. ಕಳಿಸಿದ್ರ ಏನಾಗ್ತಿತ್ತು? ಬಸ್ ಹತ್ತಿ ಬರ್ತಿದ್ದೆ. ಒಂದು ಮನಿಗಾದ್ರೂ ಆಗ್ತಿದ್ದೆ.”

ಈಗಲಾದರೂ ಅಣ್ಣನಿಗೆ ಹೇಳೋಣ, ನಾನೇ ಹೇಳುತ್ತೇನೆ ಎಂದೆ. ಸತ್ತವಳ ಬಾಯಿಗೆ ಹಾಕುವುದು ಬೇಡ, ಅವಳಿಗೂ ಮಕ್ಕಳಿದ್ದಾರೆ ಎಂದಳು. ರುದ್ರಪ್ಪನಿಗೆ ನಿಜ ಗೊತ್ತಿದೆಯಲ್ಲ ಎಂದೆ. ಅವನಿಗೆ ಗೊತ್ತಿದೆ ಎನ್ನುವುದು ತನಗೂ ಗೊತ್ತಿದೆ, ಒಂದೇ ಮನೆಯಲ್ಲಿ ಅವನಿಗೆ ದಿನಾ ಅನ್ನ ಬಡಿಸುತ್ತಿದ್ದೇನೆ ಎಂದಳು. ಬಸ್ಸು ಬಂತು, ಹತ್ತಿ ಹೋದಳು.

ನನ್ನಿಂದ ಆಣೆ ಹಾಕಿಸಿಕೊಂಡಿರಲಿಲ್ಲ. ಬೇಡ ಎಂದಿದ್ದಳು ಅಷ್ಟೇ. ಆದರೂ ನಾನು ಹೇಳಲಿಲ್ಲ. ಹೇಳಿದರೆ ನಂಬುವವರಾದರೂ ಯಾರು? ಈಗ ಇದನ್ನು ಬರೆಯುತ್ತಿರುವುದೂ ‘ಶನಿಯಾಚೆ’ಯ ಪುಸ್ತಕಗಳನ್ನು ಓದಿದ ಹಾಗೆ ಇಂಥವನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದ, ಹೆಸರುಗಳನ್ನು ಬದಲಿಸಿಯೇ.

ಮುಂದಿನದನ್ನು ನಾನು ನಿರೀಕ್ಷಿಸಿರಲಿಲ್ಲ. ಎರಡು ಮನೆಗಳೂ ರಾಜಿಗೆ ಬಂದವು. ಕಾದಂಬರಿ ಓದಿ ಯಾರೂ ಕೋರ್ಟು ಬಿಡುವುದಿಲ್ಲ, ನಿಜ. ಎರಡೂ ಕಡೆಯವರಿಗೆ ವಯಸ್ಸಾಗಿತ್ತು, ಓಡಾಡಿ ಸಾಕಾಗಿತ್ತು. ಗಿರಣಿಯ ಜಾಗದಲ್ಲಿ ಪೆಟ್ರೋಲ್ ಬಂಕು ಹಾಕುತ್ತೇವೆಂದು ಬಂದವರು ಇಬ್ಬರ ಸಹಿಯೂ ಬೇಕೆಂದಿದ್ದರು. ಕೊರತೆ ಇದ್ದದ್ದು ಒಂದೇ. ಇಷ್ಟು ವರ್ಷದ ಹಗೆಯನ್ನು ಎಲ್ಲಿ ಇಳಿಸುವುದು? ಅಣ್ಣನೂ ತಪ್ಪಲ್ಲ, ರುದ್ರಪ್ಪನೂ ತಪ್ಪಲ್ಲ ಎಂದಾಗಬೇಕಿತ್ತು. ಅದಕ್ಕೆ ಪುಸ್ತಕ ಒದಗಿಬಂತು. ನಡುವೆ ಹೆಣ್ಣುಮಗಳೊಬ್ಬಳು ತಿಳಿಯದೆ ಆಚೀಚೆ ಮಾತಾಡಿದ್ದರಿಂದ ಇಷ್ಟಾಯಿತು, ನಮ್ಮ ನಮ್ಮಲ್ಲಿ ಏನೂ ಇರಲಿಲ್ಲ ಎಂದು ಹಿರಿಯರು ಹೇಳಿದರು. ಎರಡು ಮನೆಯವರೂ ಅಷ್ಟು ವರ್ಷಗಳಲ್ಲಿ ಒಪ್ಪಿದ ಮೊದಲ ಮಾತು ಅದು.

ಸಹಿಯಾದ ದಿನ ಆನವಟ್ಟಿಯ ಗಿರಣಿಯ ತಗಡಿನ ಮಾಡಿನ ಕೆಳಗೇ ಊಟ. ಎರಡು ಪಂಕ್ತಿ ಎದುರುಬದುರು. ಅಣ್ಣ ಮತ್ತು ರುದ್ರಪ್ಪ ಒಟ್ಟಿಗೆ ಕೂತಿದ್ದರು. ಅಕ್ಕ ಹೋಳಿಗೆ ಬಡಿಸುತ್ತಿದ್ದಳು. ಎಲ್ಲರೂ ಹಗುರಾಗಿದ್ದರು. ಹಳೆಯ ಲಾರಿ, ಹಳೆಯ ವಕೀಲ, ಎಲ್ಲವೂ ನಗೆಯ ವಿಷಯವಾಗಿದ್ದವು. ಅಕ್ಕ ಎದುರಿಗೆ ಬಂದಾಗ ಅಣ್ಣ ತಲೆಯೆತ್ತಿ ಬಹಳ ಮೃದುವಾಗಿ ಕೇಳಿದ: “ನೀಲಾ, ಈಗ ಯಾರಿಗೂ ಸಿಟ್ಟಿಲ್ಲ. ಒಂದ್ಸಲ ಬಾಯಿ ಬಿಟ್ಟು ಹೇಳಿಬಿಡು, ಮನಸ್ಸು ಹಗುರ ಆಗ್ತೈತಿ. ಅವತ್ತು ಹೇಳಿದ್ದು ನೀನೇ ಅಲ್ಲೇನು?”

ರುದ್ರಪ್ಪ ತನ್ನ ಎಲೆಯನ್ನೇ ನೋಡುತ್ತಿದ್ದ. ಅಕ್ಕ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು.

“ಹೌದಣ್ಣ” ಎಂದಳು. “ನಾನೇ ಹೇಳಿದ್ದು. ತಪ್ಪಾತು.”

ಅಣ್ಣನ ಕಣ್ಣು ತುಂಬಿ ಬಂತು. ಎಡಗೈಯಿಂದ ಅವಳ ಕೈ ಹಿಡಿದುಕೊಂಡು, ಹೋಗಲಿ ಬಿಡು, ಇವತ್ತೇ ನನ್ನ ಜೊತೆ ಮನೆಗೆ ಬಾ, ಇದ್ದಷ್ಟು ದಿನ ಇರು ಎಂದ. ಎಲೆಯಿಂದ ತಲೆಯೆತ್ತದೆ ರುದ್ರಪ್ಪ, ಹೋಗಿ ಬನ್ನಿ ಅತ್ತಿಗೆ, ಆದದ್ದು ಆತು ಎಂದ. ಪಂಕ್ತಿಯ ತುದಿಯಲ್ಲಿದ್ದ ಸುಮಾ ಎದ್ದು ಹೊರಗೆ ಹೋದಳು. ನಾನು ಏಳಲು ಕೈ ಊರಿದ್ದೆ. ಅಷ್ಟರಲ್ಲಿ ಅಕ್ಕ ತಟ್ಟೆ ಎತ್ತಿಕೊಂಡು ನನ್ನ ಎಲೆಯ ಮುಂದೆ ಬಂದು ನಿಂತು, ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಬಿಟ್ಟು, ಆರಿದರೆ ಚೆನ್ನಾಗಿರುವುದಿಲ್ಲ, ಉಣ್ಣು ಎಂದು ಮೆಲ್ಲಗೆ ಹೇಳಿದಳು. ನಾನು ಉಂಡೆ.

ಮಧ್ಯಾಹ್ನವೇ ಅಣ್ಣನ ಕಾರಿನಲ್ಲಿ ಹೊರಟೆವು. ಅಣ್ಣ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ದಾರಿಯುದ್ದಕ್ಕೂ ಮನೆಯ ಸುದ್ದಿಗಳನ್ನೆಲ್ಲ ಹೇಳುತ್ತ ಬಂದ. ಯಾವ ಹೊಲ ಮಾರಿದ್ದು, ಯಾವ ಮಗುವಿಗೆ ಯಾವ ಹೆಸರಿಟ್ಟದ್ದು, ಅವ್ವ ಕೊನೆಗಾಲದಲ್ಲಿ ಏನೇನು ಅಂದದ್ದು, ಇಷ್ಟು ವರ್ಷ ಅವಳ ಮುಂದೆ ಯಾರೂ ಆಡದೆ ಮುಚ್ಚಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಅಕ್ಕ ಕಿಟಕಿಯಾಚೆಯ ಜೋಳದ ಹೊಲಗಳನ್ನು ನೋಡುತ್ತ ಹೂಂಗುಟ್ಟುತ್ತಿದ್ದಳು.

ಮನೆಯ ಪಡಸಾಲೆಯಲ್ಲಿ ಶಾಂತಾ ಅತ್ತಿಗೆಯ ಫೋಟೋ ತೂಗುಹಾಕಿದೆ. ಅಣ್ಣ ಅದರ ಮುಂದೆ ನಿಂತು, “ಇವತ್ತು ಇವಳಿದ್ದಿದ್ರ ಎಷ್ಟು ಖುಷಿಪಡ್ತಿದ್ಲೋ” ಎಂದ.

ಅಕ್ಕ ಹತ್ತಿರ ಹೋಗಿ, ಓರೆಯಾಗಿದ್ದ ಹಾರವನ್ನು ನೇರ ಮಾಡಿ, “ಹೂಂ, ಭಾಳ ಖುಷಿಪಡ್ತಿದ್ಲು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, ತನ್ನ ಚೀಲವನ್ನು ಎಲ್ಲಿ ಇಡಲಿ ಎಂದು ಕೇಳಿದಳು.